830ಡಿ ಮಲ್ಟಿಮೀಟರ್: ಕಾರಿನ ಬ್ಯಾಟರಿ, ಸೆಲ್ಫ್, ಚಾರ್ಜಿಂಗ್ ತೊಂದರೆ ಪತ್ತೆಗೆ ಸಾಕೇ? ದೀರ್ಘ ಬಳಕೆಯ ವಿಮರ್ಶೆ

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲೂ ಆನ್‌ಲೈನ್‌ನಲ್ಲೂ ಕೆಲವೇ ನೂರು ರೂಪಾಯಿಗೆ ಸಿಗುವ 830ಡಿ ಮಲ್ಟಿಮೀಟರ್ (ವೋಲ್ಟೇಜ್, ಕರೆಂಟ್, ತಡೆ ಅಳೆಯುವ ಸಾಧನ) ಒಂದೇ ಕಂಪನಿಯದಲ್ಲ. ಹತ್ತಾರು ಹೆಸರಿನಲ್ಲಿ ಬರುತ್ತದೆ, ಒಳಗಿನ ಸರ್ಕ್ಯೂಟ್ ಹೆಚ್ಚುಕಡಿಮೆ ಒಂದೇ. ವರ್ಷಗಟ್ಟಲೆ ಬಳಸಿದ ಮೇಲೆ ಹೇಳುವುದಾದರೆ, ಸೆಲ್ಫ್ ಎತ್ತದ ಕಾರಿನಲ್ಲಿ ದೋಷ ಬ್ಯಾಟರಿಯದೋ, ಕೇಬಲ್ಲಿನದೋ, ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನದೋ ಎಂದು ಬೇರ್ಪಡಿಸಲು ಇದು ಧಾರಾಳವಾಗಿ ಸಾಕು. ಬ್ಯಾಟರಿ ಬದಲಿಸಿ ಎಂದು ಅಂಗಡಿಯವರು ಹೇಳಿದ ಕೂಡಲೇ ಹಣ ಕೊಡುವ ಮೊದಲು ಈ ಮೀಟರ್ ಹಿಡಿದು ಹತ್ತು ನಿಮಿಷ ನೋಡಲೇಬೇಕು.

ಮೊದಲು ಮೀಟರನ್ನೇ ಪರೀಕ್ಷಿಸಿ. ಒಳಗಿನ 9 ವೋಲ್ಟ್ ಸೆಲ್ ಸೊರಗಿದಾಗ ಇದು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಅರ್ಧ ಖಾಲಿಯಾದ ಬ್ಯಾಟರಿ ಆಗ ಫುಲ್ ಚಾರ್ಜ್ ಆದಂತೆ ಕಾಣುತ್ತದೆ. ಹೊಸ ಆಲ್ಕಲೈನ್ ಪೆನ್ ಸೆಲ್ ಸುಮಾರು 1.6 ವೋಲ್ಟ್ ತೋರಿಸಬೇಕು. 1.75ರ ಮೇಲೆ ಹೋದರೆ ಮೀಟರಿನ ಸೆಲ್ ಬದಲಿಸಿ. ತಾನಾಗಿ ಆಫ್ ಆಗುವ ವ್ಯವಸ್ಥೆ ಇದರಲ್ಲಿಲ್ಲ, ಹಾಗಾಗಿ ಈ ಸೆಲ್ ಬೇಗ ಸೊರಗುವುದು ಮಾಮೂಲು.

ಬ್ಯಾಟರಿಯನ್ನು ಡಿಸಿ ವೋಲ್ಟೇಜಿನ 20 ರೇಂಜಿನಲ್ಲಿ ನೋಡಿ. ಕಾರು ರಾತ್ರಿಯಿಡೀ ನಿಂತಿರಬೇಕು. ಓಡಿಸಿ ನಿಲ್ಲಿಸಿದ ತಕ್ಷಣ ನೋಡಿದರೆ ಮೇಲ್ಮೈ ಚಾರ್ಜ್ (ಆಗಷ್ಟೇ ತುಂಬಿ ಇನ್ನೂ ನೆಲೆಯಾಗದ ಚಾರ್ಜ್) ಮೋಸ ಮಾಡುತ್ತದೆ. ಸಾಮಾನ್ಯ ಲೆಡ್ ಆಸಿಡ್ ಬ್ಯಾಟರಿಯಲ್ಲಿ 12.6ರಿಂದ 12.7 ಎಂದರೆ ಫುಲ್, 12.2 ಎಂದರೆ ಸುಮಾರು ಅರ್ಧ. 12.0 ಬಂದರೆ ಮೊದಲು ಪೂರ್ತಿ ಚಾರ್ಜ್ ಮಾಡಿ, ಆಮೇಲೆ ತೀರ್ಮಾನಿಸಿ. ಖಾಲಿ ಬ್ಯಾಟರಿ ಕೆಟ್ಟ ಬ್ಯಾಟರಿಯೇ ಆಗಬೇಕೆಂದಿಲ್ಲ. ಫುಲ್ ಚಾರ್ಜ್ ಆದ ಮೇಲೂ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಮಾತ್ರ ಬ್ಯಾಟರಿಯ ಮೇಲೆ ಗಟ್ಟಿ ಅನುಮಾನ. ಡಿಸ್‌ಪ್ಲೇ ಸೆಕೆಂಡಿಗೆ ಎರಡು ಮೂರು ಸಲವಷ್ಟೇ ಬದಲಾಗುವುದರಿಂದ ಕ್ಷಣಮಾತ್ರದ ಕುಸಿತ ಇದರ ಕಣ್ಣಿಗೆ ಬೀಳುವುದಿಲ್ಲ. ಪೆಟ್ರೋಲ್ ಕಾರಾದರೆ ಫ್ಯೂಯೆಲ್ ಪಂಪಿನ ಫ್ಯೂಸ್ ತೆಗೆದು, ನಾಲ್ಕೈದು ಸೆಕೆಂಡ್ ಸೆಲ್ಫ್ ಹೊಡೆಸಿ ನೋಡಿ.

ಈ ಮೀಟರ್ ನಿಜವಾಗಿ ಬೆಲೆ ತೀರಿಸುವುದು ವೋಲ್ಟೇಜ್ ಡ್ರಾಪ್, ಅಂದರೆ ಕೇಬಲ್ ದಾರಿಯಲ್ಲೇ ಕಳೆದುಹೋಗುವ ವೋಲ್ಟೇಜ್ ಅಳೆಯುವ ಪರೀಕ್ಷೆಯಲ್ಲಿ. ಸೆಲ್ಫ್ ಮೋಟರ್ 150 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. ದಾರಿಯಲ್ಲಿ 0.01 ಓಮ್ ತಡೆ ಇದ್ದರೂ 1.5 ವೋಲ್ಟ್ ಅಲ್ಲೇ ಕಳೆದುಹೋಯಿತು. ಓಮ್ ರೇಂಜಿನಲ್ಲಿ ಇದು ಸಿಗುವುದೇ ಇಲ್ಲ, ಯಾಕೆಂದರೆ ಅದರ ಅತಿ ಸಣ್ಣ ಅಳತೆಯೇ 0.1 ಓಮ್. ಕರೆಂಟ್ ಹರಿಯುವಾಗಲೇ ಹಿಡಿಯಬೇಕು. ನಾಬನ್ನು ಡಿಸಿ ವೋಲ್ಟೇಜಿನ 2000ಎಮ್‌ಗೆ (2000 ಮಿಲಿವೋಲ್ಟ್) ತಿರುಗಿಸಿ. ಒಂದು ಪ್ರೋಬ್ ಬ್ಯಾಟರಿಯ ಮೈನಸ್ ಸೀಸದ ಗೂಟದ ನೆತ್ತಿಗೆ ಚುಚ್ಚಬೇಕು, ಕ್ಲಾಂಪಿಗಲ್ಲ. ಇನ್ನೊಂದನ್ನು ಎಂಜಿನ್ ಬ್ಲಾಕಿನ ಬಣ್ಣವಿಲ್ಲದ ಲೋಹಕ್ಕೆ ಒತ್ತಿ, ಸೆಲ್ಫ್ ಹೊಡೆಸಿ. 200 ಮಿಲಿವೋಲ್ಟ್ ಒಳಗಿದ್ದರೆ ಸರಿ. 600, 700 ಬಂದರೆ ಗೂಟದಿಂದ ಕ್ಲಾಂಪಿಗೆ, ಕ್ಲಾಂಪಿನಿಂದ ಕೇಬಲ್ಲಿನ ಕೊನೆಗೆ, ಅಲ್ಲಿಂದ ಬ್ಲಾಕಿಗೆ ಹೀಗೆ ಹೆಜ್ಜೆಹೆಜ್ಜೆಯಾಗಿ ಅಳೆಯಿರಿ. ಅಂಕಿ ಎಲ್ಲಿ ಜಿಗಿಯುತ್ತದೋ ಕೊಳೆ, ತುಕ್ಕು ಅಲ್ಲೇ ಇದೆ. ಪಾಸಿಟಿವ್ ಕಡೆ ಗೂಟದಿಂದ ಸೆಲ್ಫಿನ ದಪ್ಪ ನಟ್ಟಿನವರೆಗೆ 500 ಮಿಲಿವೋಲ್ಟ್ ತನಕ ಒಪ್ಪಬಹುದು. ಕರಾವಳಿಯ ಉಪ್ಪುಗಾಳಿಯಲ್ಲಿ ಓಡುವ ಕಾರುಗಳಲ್ಲಿ ಮೊದಲು ನೋಡಬೇಕಾದ್ದೇ ಅರ್ತ್ ಕೇಬಲ್. ಟರ್ಮಿನಲ್ಲಿನ ಬಿಳಿ-ಹಸಿರು ಪುಡಿಗೆ ಅಡುಗೆ ಸೋಡಾ ಕಲಸಿದ ಬಿಸಿನೀರು ಸಾಕು. ನೀರು ಬ್ಯಾಟರಿಯ ಮುಚ್ಚಳದೊಳಗೆ ಇಳಿಯದಂತೆ ನೋಡಿಕೊಳ್ಳಿ.

ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.7 ಇರಬೇಕು. ಹೆಡ್‌ಲೈಟ್, ಎಸಿ ಬ್ಲೋವರ್ ಹಾಕಿ ಎಂಜಿನ್ನನ್ನು 2000 ಆರ್‌ಪಿಎಮ್‌ಗೆ ಏರಿಸಿದಾಗಲೂ 13ಕ್ಕೆ ಇಳಿದರೆ ಬೆಲ್ಟ್ ಸಡಿಲವೇ ನೋಡಿ, ನಂತರ ಆಲ್ಟರ್ನೇಟರಿನ ದಪ್ಪ ವೈರಿನಿಂದ ಬ್ಯಾಟರಿ ಪ್ಲಸ್‌ವರೆಗೆ ಡ್ರಾಪ್ ಅಳೆಯಿರಿ. 15 ದಾಟಿದರೆ ಚಾರ್ಜಿಂಗ್ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಮೇಲೆ ಅನುಮಾನ. ಆಲ್ಟರ್ನೇಟರನ್ನು ಕಂಪ್ಯೂಟರ್ ನಿಯಂತ್ರಿಸುವ ಹೊಸ ಕಾರುಗಳಲ್ಲಿ ಈ ಅಂಕಿ ಏರಿಳಿಯುವುದೇ ಸಹಜ.

ಆಲ್ಟರ್ನೇಟರಿನೊಳಗೆ ಎಸಿ ಕರೆಂಟನ್ನು ಡಿಸಿ ಮಾಡುವ ಡಯೋಡ್ ಹಾಳಾಗಿದೆಯೇ ಎಂದು ಮೀಟರಿನ ಎಸಿ ವೋಲ್ಟೇಜ್ ರೇಂಜಿನಲ್ಲಿ ನೋಡಲು ಹೋಗಬೇಡಿ. ಡಿಸಿಯನ್ನು ತಡೆಯುವ ಕೆಪಾಸಿಟರ್ ಇದರಲ್ಲಿಲ್ಲ. ಸರಿಯಾಗಿರುವ 12 ವೋಲ್ಟ್ ಬ್ಯಾಟರಿಯೂ ಎಸಿಯಲ್ಲಿ 26-27 ತೋರಿಸುತ್ತದೆ, ಪ್ರೋಬ್ ಅದಲುಬದಲು ಮಾಡಿದರೆ ಸೊನ್ನೆ. ಆ ಪರೀಕ್ಷೆಗೆ ಬೇರೆ ಮೀಟರ್ ಬೇಕು.

ನಿಂತ ಕಾರಿನಲ್ಲಿ ಕರೆಂಟ್ ಸೋರುತ್ತಿದೆಯೇ ನೋಡಲು ಮೈನಸ್ ಕೇಬಲ್ ಬಿಚ್ಚಿ, 10ಎ ತೂತಿನಲ್ಲಿ ಕೆಂಪು ಪ್ರೋಬ್ ಹಾಕಿ ಗೂಟಕ್ಕೂ ಕೇಬಲ್ಲಿಗೂ ನಡುವೆ ಸೇರಿಸುತ್ತಾರೆ. ಕಾರು ಲಾಕ್ ಆಗಿ ಅರ್ಧ ಗಂಟೆಯ ಮೇಲೆ 50 ಮಿಲಿಆಂಪಿಯರ್ ಒಳಗೆ ಬಂದರೆ ಚಿಂತೆಯಿಲ್ಲ. ಆದರೆ 10ಎ ತೂತಿಗೆ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ. ಮೀಟರ್ ನಡುವೆ ಇರುವಾಗ ಯಾರಾದರೂ ಕೀ ತಿರುಗಿಸಿ ಸೆಲ್ಫ್ ಹೊಡೆದರೆ ವೈರು ಕರಗಿ ಕೈ ಸುಡುತ್ತದೆ. ಇದಕ್ಕಿಂತ ಸುರಕ್ಷಿತ ದಾರಿಯಿದೆ. ಕೆಂಪು ಪ್ರೋಬನ್ನು ಮತ್ತೆ ವೋಲ್ಟ್ ತೂತಿಗೆ ಹಾಕಿ, ಡಿಸಿ ವೋಲ್ಟೇಜಿನ 200ಎಮ್ (ಮಿಲಿವೋಲ್ಟ್) ರೇಂಜಿನಲ್ಲಿಟ್ಟು, ಫ್ಯೂಸ್ ಕೀಳದೆ, ಅದರ ನೆತ್ತಿಯ ಎರಡು ಲೋಹದ ಚುಕ್ಕಿಗಳಿಗೆ ಪ್ರೋಬ್ ಮುಟ್ಟಿಸಿ. ಸೊನ್ನೆ ಬಂದರೆ ಆ ದಾರಿ ನಿದ್ದೆಯಲ್ಲಿದೆ. 10 ಆಂಪಿಯರ್ ಫ್ಯೂಸಿನಲ್ಲಿ 1 ಮಿಲಿವೋಲ್ಟ್ ಕಂಡರೆ ನೂರಕ್ಕೂ ಹೆಚ್ಚು ಮಿಲಿಆಂಪಿಯರ್ ಹರಿಯುತ್ತಿದೆ ಎಂದರ್ಥ. ಬ್ಯಾಟರಿ ಬಿಚ್ಚದ ಕಾರಣ ಕಂಪ್ಯೂಟರುಗಳೂ ಮತ್ತೆ ಎಚ್ಚರಗೊಳ್ಳುವುದಿಲ್ಲ.

ಜೊತೆಗೆ ಬರುವ ಪ್ರೋಬ್ ವೈರುಗಳು ಪ್ಲಗ್ಗಿನ ಬುಡದಲ್ಲೇ ಒಳಗೊಳಗೆ ತುಂಡಾಗುತ್ತವೆ. ಸಿಲಿಕೋನ್ ವೈರಿನ ಜೊತೆಯೊಂದನ್ನು ಮೀಟರಿನೊಂದಿಗೇ ಕೊಳ್ಳಿ. ಸ್ಟಾರ್ಟ್-ಸ್ಟಾಪ್ ಕಾರಿನ (ನಿಂತಾಗ ಎಂಜಿನ್ ತಾನಾಗಿ ಆಫ್ ಆಗುವ ಕಾರು) ಎಜಿಎಮ್ ಬ್ಯಾಟರಿಯ (ಆಸಿಡ್ಡನ್ನು ಗಾಜಿನ ನಾರಿನ ಹಾಳೆಯಲ್ಲಿ ಹೀರಿಸಿಟ್ಟ ಬ್ಯಾಟರಿ) ಆರೋಗ್ಯ ಅಳೆಯಬೇಕಾದವರಿಗೆ ಈ ಮೀಟರ್ ಸಾಲದು. ಅವರು ಬ್ಯಾಟರಿಯೊಳಗೆ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆಂದು ಅಳೆಯುವ, ಎಜಿಎಮ್ ಆಯ್ಕೆಯಿರುವ ಕಂಡಕ್ಟೆನ್ಸ್ ಟೆಸ್ಟರ್ ತೆಗೆದುಕೊಳ್ಳಲಿ.