ಯೂಟಾದ ಕಣಿವೆಗಳಲ್ಲಿ ಜೀಪ್ ಪ್ರವಾಸ: ವೈಟ್ ರಿಮ್ಮೋ, ಮೇಜೋ?

ವೈಟ್ ರಿಮ್ ಅನ್ನೋದು ಒಂದು ಜೀಪ್ ದಾರಿ, ಮೇಜ್ (Maze) ಅನ್ನೋದು ಒಂದು ದುರ್ಗಮ ಪ್ರದೇಶ. ಎರಡೂ ಅಮೆರಿಕದ ಯೂಟಾ ರಾಜ್ಯದ ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದಲ್ಲೇ ಇವೆ. ಆದರೆ ಅನುಭವ ಬೇರೆ.

ವೈಟ್ ರಿಮ್ ಸುಮಾರು 160 ಕಿಲೋಮೀಟರ್‌ನ ಸುತ್ತು. ಮೇಲೆ ಐಲ್ಯಾಂಡ್ ಇನ್ ದ ಸ್ಕೈ ಪ್ರಸ್ಥಭೂಮಿ, ಕೆಳಗೆ ಕೊಲೊರಾಡೊ ಮತ್ತು ಗ್ರೀನ್ ನದಿಗಳ ಕಣಿವೆ, ನಡುವಿನ ಬಿಳಿ ಕಲ್ಲಿನ ಅಂಚಿನ ಮೇಲೆ ನಿಮ್ಮ ಗಾಡಿ. ಶೇಫರ್ ತಿರುವುಗಳಲ್ಲಿ ಎದೆ ಝಲ್ ಅನ್ನುತ್ತೆ, ಮರ್ಫಿ ಹಾಗ್‌ಬ್ಯಾಕ್ ಏರು ಕಡಿದಾಗಿದೆ. ಉಳಿದದ್ದನ್ನು ನಿಧಾನವಾಗಿ ಓಡಿಸಿದರೆ ಸಾಕು. ಎರಡು ಮೂರು ದಿನ ಇಟ್ಟುಕೊಳ್ಳಿ. ಒಂದೇ ದಿನದಲ್ಲಿ ಮುಗಿಸಿದರೆ ಸುಮ್ನೆ ಧೂಳು ಕುಡಿದ ಹಾಗೆ.

ಮೇಜ್ ಬಹಳ ದೂರ, ಬಹಳ ಒಂಟಿ. ಹೆದ್ದಾರಿ ಬಿಟ್ಟು 74 ಕಿಲೋಮೀಟರ್ ಮಣ್ಣುದಾರಿ ಸಾಗಿದ ಮೇಲೆ ಹ್ಯಾನ್ಸ್ ಫ್ಲಾಟ್ ರೇಂಜರ್ ಠಾಣೆ. ಅಲ್ಲಿಂದ ಮುಂದೆ ಮೇಜ್ ಕಡೆಗೆ ಇಳಿಯುವ ಫ್ಲಿಂಟ್ ಟ್ರೇಲ್ ದಾರಿ ಕಡಿದಾದ ಇಳಿಜಾರು. ಮಳೆ, ಹಿಮ ಬಿದ್ದಾಗ ಇಳಿಯುವ ಯೋಚನೆಯೇ ಬೇಡ. ಗಾಡಿ ಕೆಟ್ಟರೆ ಎಳೆದು ತರುವ ಖರ್ಚು ಸಾವಿರ ಡಾಲರ್ ದಾಟಬಹುದು.

ರಾತ್ರಿ ತಂಗಲು ಎರಡಕ್ಕೂ ಪರವಾನಗಿ ಬೇಕು. ಕುಡಿಯುವ ನೀರು ಪೂರ್ತಿ ಹೊತ್ತೊಯ್ಯಿರಿ. ನೆಲದಿಂದ ಎತ್ತರವಿರುವ ಫೋರ್ ವ್ಹೀಲ್ ಗಾಡಿಯೇ ಆಗಬೇಕು, ಲೋ ರೇಂಜ್ (ಕಡಿದಾದ ಜಾಗದಲ್ಲಿ ನಿಧಾನವಾಗಿ, ಬಲವಾಗಿ ಎಳೆಯುವ ಗೇರ್) ಸಹಿತ.

ಗುಂಪಿನಲ್ಲಿ ಹೊಸಬರು ಜಾಸ್ತಿ ಇದ್ದರೆ ನನ್ನ ಮತ ವೈಟ್ ರಿಮ್‌ಗೇ. ಟೈರ್ ಬದಲಿಸಿ, ಸಿಕ್ಕಿಬಿದ್ದ ಗಾಡಿ ಎಳೆದು ಪಳಗಿದವರಾದರೆ ಮಾತ್ರ ಮೇಜ್.