ಸ್ಪಾರಿಂಗ್ ತರಗತಿ: ತೂಕ ನೋಡುತ್ತಾರೆ, ತೋಳಿನ ಉದ್ದ ನೋಡುವುದಿಲ್ಲ

ಕೆಲವು ತಿಂಗಳಿಂದ ಬಾಕ್ಸಿಂಗ್ ಕೇಂದ್ರವೊಂದರ ಸ್ಪಾರಿಂಗ್ (ಜೊತೆಗಾರನೊಂದಿಗೆ ಅಭ್ಯಾಸದ ಕಾದಾಟ) ತರಗತಿಗೆ ಹೋಗುತ್ತಿದ್ದೇನೆ. ಇಂತಹ ತರಗತಿಯ ಗುಣಮಟ್ಟವನ್ನು ಅಳೆಯುವಾಗ ಉಪಕರಣಗಳಿಗಿಂತ ಮೊದಲು ನೋಡಬೇಕಾದದ್ದು, ಯಾರನ್ನು ಯಾರ ಎದುರು ನಿಲ್ಲಿಸುತ್ತಾರೆ ಎಂಬುದನ್ನು. ಇಲ್ಲಿ ರಿಂಗಿಗೆ ಇಳಿಯುವ ಮೊದಲು ಪ್ರತಿಯೊಬ್ಬರ ತೂಕ ನೋಡುತ್ತಾರೆ. ಅಂತರ ಐದಾರು ಕೆಜಿ ದಾಟಿದರೆ ಭಾರದವರು ಪೂರ್ಣ ಬಲದಿಂದ ಹೊಡೆಯುವಂತಿಲ್ಲ.

ಈ ನಿಯಮ ಅತಿಯಾಯಿತೆಂದು ಗೊಣಗುವವರಿದ್ದಾರೆ, ನನಗೆ ಹಾಗೆನ್ನಿಸಿಲ್ಲ. ವೃತ್ತಿಪರ ಬಾಕ್ಸಿಂಗ್‌ನ ಸಾಂಪ್ರದಾಯಿಕ 17 ತೂಕ ವಿಭಾಗಗಳಲ್ಲಿ, ಕೆಳಗಿನ ಕೆಲವು ವಿಭಾಗಗಳ ನಡುವಿನ ಅಂತರ ಎರಡು ಕೆಜಿಗೂ ಕಡಿಮೆ. ಭಾರದವರಿಗೆ ಅನುಕೂಲವಿರುವುದು ಹೊಡೆತದಲ್ಲಿ ಮಾತ್ರವಲ್ಲ. ಕ್ಲಿಂಚ್‌ನಲ್ಲಿ, ಅಂದರೆ ಇಬ್ಬರೂ ತೋಳುಗಳಿಂದ ಹಿಡಿದುಕೊಂಡು ನಿಂತಾಗ, ಎದುರಾಳಿಯ ಕತ್ತಿನ ಮೇಲೆ ಮೈಭಾರ ಹಾಕಿ ಒರಗಿದರೂ ಸಾಕು, ಹಗುರ ಬಾಕ್ಸರ್‌ನ ಕಾಲಿನ ಕಸುವು ಬೇಗನೆ ಇಳಿಯುತ್ತದೆ. 2016ರಲ್ಲಿ ಎರಡು ವಿಭಾಗ ಮೇಲೇರಿ ಕನೆಲೊ ಆಲ್ವರೆಜ್ ಎದುರು ನಿಂತ ಅಮೀರ್ ಖಾನ್ ಆರಂಭದ ಸುತ್ತುಗಳಲ್ಲಿ ವೇಗದಿಂದ ಚೆನ್ನಾಗಿಯೇ ಆಡಿದರು, ಆದರೆ ಆರನೇ ಸುತ್ತಿನ ಒಂದೇ ಬಲಗೈ ಹೊಡೆತಕ್ಕೆ ನೆಲಕ್ಕುರುಳಿದರು.

ಹಾಗೆಂದು ತೂಕವೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಮೇ 2024ರಲ್ಲಿ ಸುಮಾರು 101 ಕೆಜಿಯ ಒಲೆಕ್ಸಾಂಡರ್ ಉಸಿಕ್, ಸುಮಾರು 119 ಕೆಜಿಯ ಟೈಸನ್ ಫ್ಯೂರಿಯನ್ನು ಅಂಕಗಳ ಮೇಲೆ ಸೋಲಿಸಿದರು. ನಿಂತಲ್ಲಿ ನಿಲ್ಲದ ಕಾಲ್ಚಳಕ, ಕೊನೆಯವರೆಗೂ ಕುಗ್ಗದ ದಮ್ಮು ಮತ್ತು ಎಡಗೈ ಹೊಡೆತ ಅವರನ್ನು ಗೆಲ್ಲಿಸಿದವು. ನಮ್ಮ ತರಬೇತುದಾರರು ಹಗುರದವರಿಗೆ ಇದನ್ನೇ ತಾಳ್ಮೆಯಿಂದ ಹೇಳಿಕೊಡುತ್ತಾರೆ: ಎದುರಾಳಿಯ ಜ್ಯಾಬ್ (ಮುಂದಿರುವ ಕೈಯ ಚುರುಕಾದ ನೇರ ಹೊಡೆತ) ತಪ್ಪಿಸಿ ಒಳನುಗ್ಗಬೇಕು, ಎರಡು ಹೊಡೆತ ಹಾಕಿ ಪಕ್ಕಕ್ಕೆ ಸರಿಯಬೇಕು, ಹಗ್ಗಕ್ಕೆ ಬೆನ್ನು ಕೊಡಬಾರದು. ಈ ತರಗತಿಯ ಅತ್ಯುತ್ತಮ ಭಾಗವೂ ಇದೇ.

ಕೊರತೆ ಇರುವುದು ತೂಕವೊಂದನ್ನೇ ನೆಚ್ಚಿಕೊಂಡಿರುವುದರಲ್ಲಿ. ನನ್ನಷ್ಟೇ ತೂಕದ, ನನಗಿಂತ ಗೇಣುದ್ದ ಎತ್ತರದ ಒಬ್ಬರ ಜೊತೆ ನನ್ನನ್ನು ಜೋಡಿಸಿದಾಗ, ಅವರ ಉದ್ದ ತೋಳಿನ ಜ್ಯಾಬ್ ದಾಟಿ ಹತ್ತಿರ ಹೋಗುವುದರಲ್ಲೇ ಸುತ್ತುಗಳು ಮುಗಿದುಹೋದವು. ಅನುಭವದ ವ್ಯತ್ಯಾಸವನ್ನೂ ಇವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇದಕ್ಕಿಂತ ಗಂಭೀರವಾದದ್ದು, ಒಳಸ್ಪರ್ಧೆಗಳಿಗೆ ಮುನ್ನ ನೀರು ಕುಡಿಯುವುದನ್ನು ಬಿಟ್ಟು ತೂಕ ಇಳಿಸುವವರನ್ನು ಯಾರೂ ತಡೆಯದಿರುವುದು. 2008ರಲ್ಲಿ ಹಲವು ವರ್ಷಗಳ ಬಳಿಕ ತೂಕ ಇಳಿಸಿ ಮತ್ತೆ ವೆಲ್ಟರ್‌ವೇಟ್ ಎಂಬ ಹಗುರ ವಿಭಾಗಕ್ಕೆ ಮರಳಿದ ಆಸ್ಕರ್ ಡೆ ಲಾ ಹೋಯಾ, ತಮಗಿಂತ ಚಿಕ್ಕ ಮೈಕಟ್ಟಿನ ಮ್ಯಾನಿ ಪ್ಯಾಕಿಯಾವೊ ಎದುರು ಎಂಟು ಸುತ್ತುಗಳ ನಂತರ ಮುಂದುವರಿಯಲಾಗಲಿಲ್ಲ. ಬಸವಳಿದ ದೇಹಕ್ಕೆ ಎತ್ತರವೂ ನೆರವಾಗದು.

ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಸೇರುವವರು ಶುಲ್ಕ ಕಟ್ಟುವ ಮೊದಲು, ತಮ್ಮ ತೂಕಕ್ಕೂ ಎತ್ತರಕ್ಕೂ ಹೊಂದುವ ಜೊತೆಗಾರರು ಆ ಬ್ಯಾಚಿನಲ್ಲಿದ್ದಾರೆಯೇ ಎಂದು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.