ಸ್ಪಿರುಲಿನಾ ಮಾತ್ರೆ: ಡಬ್ಬಿಯ ಮೇಲಿನ ಮಾತು, ಒಳಗಿನ ಸರಕು

ಸ್ಪಿರುಲಿನಾ ಎಂದರೆ ನೀರಿನಲ್ಲಿ ಬೆಳೆಯುವ ನೀಲಿ-ಹಸಿರು ಪಾಚಿ; ಅದನ್ನು ಒಣಗಿಸಿ ಮಾಡಿದ ಮಾತ್ರೆಗಳ ಡಬ್ಬಿ ಇದು. ಮುಚ್ಚಳ ತೆರೆದರೆ ಕೆರೆಯಂಚಿನ ಪಾಚಿಯ ವಾಸನೆ ಮೂಗಿಗೆ ಬಡಿಯುತ್ತದೆ. ಮಾತ್ರೆ ಬಾಯಲ್ಲಿ ಕರಗಿದರೆ ನಾಲಿಗೆಯೆಲ್ಲ ಹಸಿರು. ಅದನ್ನಾದರೂ ಸಹಿಸಬಹುದು, ಡಬ್ಬಿಯ ಮೇಲಿನ ಬಡಾಯಿಯನ್ನಲ್ಲ.

‘ಶೇ. 60ರಷ್ಟು ಪ್ರೋಟೀನ್’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. ಸುಳ್ಳೇನಲ್ಲ. ಆದರೆ ಒಂದು ಮಾತ್ರೆಯ ತೂಕ 500 ಮಿಲಿಗ್ರಾಂ; ದಿನಕ್ಕೆ ಆರು ನುಂಗಿದರೂ ಸಿಗುವ ಪ್ರೋಟೀನ್ 2 ಗ್ರಾಂ ದಾಟುವುದಿಲ್ಲ. ಒಂದು ಹಿಡಿ ಹುರಿಗಡಲೆ ಇದಕ್ಕಿಂತ ಹೆಚ್ಚು ಕೊಡುತ್ತದೆ, ರುಚಿಯನ್ನೂ ಕೊಡುತ್ತದೆ.

ನನಗೆ ಸಿಟ್ಟು ಬಂದದ್ದು ‘ಸಸ್ಯಾಹಾರಿಗಳಿಗೆ ಬಿ12’ ಎಂಬ ಸಾಲಿಗೆ. ಸ್ಪಿರುಲಿನಾದಲ್ಲಿ ಇರುವುದು ಬಹುಪಾಲು ಹುಸಿ ಬಿ12, ಅಂದರೆ ಆ ವಿಟಮಿನ್ನನ್ನು ಹೋಲುವ ಬೇರೆ ವಸ್ತು. ನಮ್ಮ ದೇಹಕ್ಕೆ ಅದು ಒದಗುವುದಿಲ್ಲ. ಅತ್ತೆಯವರಿಗೆ ವೈದ್ಯರು ಬರೆದ ಮಾತ್ರೆಯ ಬದಲು ಇದನ್ನೇ ಕೊಡಿ ಎಂದು ಅಂಗಡಿಯವರು ಧಾರಾಳವಾಗಿ ಸಲಹೆಯನ್ನೂ ಕೊಟ್ಟರು!

ಹಾಗೆಂದು ಪೂರ್ತಿ ಬೂಟಾಟಿಕೆ ಎನ್ನಲಾರೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಕೂಡ ಸ್ಪಿರುಲಿನಾ ಮೇಲೆ ಕೆಲಸ ಮಾಡಿದೆ. ಕೊಲೆಸ್ಟರಾಲ್ ತುಸು ಇಳಿದದ್ದನ್ನು ಕೆಲವು ಸಣ್ಣ ಅಧ್ಯಯನಗಳು ತೋರಿಸಿವೆ. ಆದರೆ ಡಬ್ಬಿಯ ಮೇಲಿನ ‘ಮಧುಮೇಹ ಮಾಯ’ ಎಂಬ ಮಾತಿಗೆ ಅಷ್ಟು ಸಾಲದು.

ಬೆಳೆಸುವ ನೀರು ಕೆಟ್ಟಿದ್ದರೆ ಯಕೃತ್ತಿಗೆ ಹಾನಿ ಮಾಡುವ ಮೈಕ್ರೊಸಿಸ್ಟಿನ್ ಎಂಬ ವಿಷ ಸೇರಬಹುದು. ಅದರ ಪರೀಕ್ಷೆಯಾಗಿದೆಯೇ ಎಂಬುದು ಈ ಡಬ್ಬಿಯಲ್ಲಿ ಎಲ್ಲಿಯೂ ಇಲ್ಲ. ಐದರಲ್ಲಿ ಎರಡು ನಕ್ಷತ್ರ.